ಕಣ್ಣು ಕೊಡುವ ದ್ವೀಪ: ದಿನದಿನದ ದಾನದ ಒಂದು ಪ್ರಕರಣ ಅಧ್ಯಯನ

ಸಾವಾದ ಮನೆಯಲ್ಲಿ ಮೊದಲ ಆರು ಗಂಟೆ ಹೇಗೆ ಕಳೆದುಹೋಗುತ್ತದೆಂಬುದು ನಮಗೆಲ್ಲ ಗೊತ್ತು. ಡಾಕ್ಟರು ಬಂದು ನೋಡಿ ಹೋಗಬೇಕು, ನೆಂಟರಿಗೆಲ್ಲ ಫೋನು ಹೋಗಬೇಕು, ದೂರದೂರಿನ ಮಗಳು ಬರುವವರೆಗೆ ಕಾಯಬೇಕೋ ಬೇಡವೋ ಎಂದು ಹಿರಿಯರು ಹೊರಗೆ ಕೂತು ತೀರ್ಮಾನ ಮಾಡಬೇಕು. ಈ ಗಲಿಬಿಲಿಯ ನಡುವೆ ಮನೆಯವರಲ್ಲೇ ಯಾರಾದರೂ ಒಬ್ಬರು "ಕಣ್ಣು ಕೊಟ್ಟುಬಿಡೋಣ, ಫೋನ್ ಮಾಡಿ" ಎನ್ನಬೇಕು. ಸುಮಾರು ಆರು ಗಂಟೆಯೊಳಗೆ ತೆಗೆಯದಿದ್ದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಆ ಪಾರದರ್ಶಕ ಪದರ, ಯಾರ ಉಪಯೋಗಕ್ಕೂ ಬರುವುದಿಲ್ಲ. ದುಃಖ ತೀರಾ ಹಸಿಯಾಗಿರುವ ಹೊತ್ತಿನಲ್ಲೇ ಈ ಮಾತು ಬಾಯಿಗೆ ಬರಬೇಕು.

ಶ್ರೀಲಂಕಾದಲ್ಲಿ 1960ರ ದಶಕದಿಂದ ಈಚೆಗೆ ಈ ಮಾತು ಬಂದ ಮನೆಗಳು ಸಾವಿರ ಸಾವಿರ. ಅಲ್ಲಿನ ನೇತ್ರದಾನ ಸಂಘದ ಲೆಕ್ಕದಂತೆ ಐವತ್ತಕ್ಕೂ ಹೆಚ್ಚು ದೇಶಗಳಿಗೆ 80,000ಕ್ಕೂ ಮೀರಿ ಕಾರ್ನಿಯಾಗಳು ಹೋಗಿವೆ. ಪಾಕಿಸ್ತಾನ ಒಂದಕ್ಕೇ 30,000ಕ್ಕೂ ಹೆಚ್ಚು. ಕಣ್ಣಿಗೆಂದು ಬೆಲೆ ಕಟ್ಟುವುದಿಲ್ಲ. ಪರೀಕ್ಷೆ ಮಾಡಿ, ಕೆಡದಂತೆ ಇಟ್ಟು ಸಾಗಿಸುವ ಖರ್ಚು ಬೇರೆ. ಕರ್ನಾಟಕದ ಜನಸಂಖ್ಯೆಯ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜನರಿರುವ, ಕಾಲು ಶತಮಾನ ಯುದ್ಧದಲ್ಲಿ ಬೆಂದ, ಸಿರಿವಂತವಲ್ಲದ ದೇಶವೊಂದು ಮಾಡಿದ ಕೆಲಸ ಇದು.

ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ "ಅವರು ಬೌದ್ಧರಲ್ಲವೇ, ಅವರ ಧರ್ಮದಲ್ಲೇ ದಾನವಿದೆ" ಎಂಬುದು. ಈ ಉತ್ತರ ಅರ್ಧ ಮಾತ್ರ ಸರಿ ಎನ್ನುವುದು ನನ್ನ ವಾದ. ಧರ್ಮಗ್ರಂಥದಲ್ಲಿ ದಾನವಿದ್ದ ಮಾತ್ರಕ್ಕೆ ಸಾವಿನ ಮನೆಯಲ್ಲಿ ಯಾರೂ ಎದ್ದು ಫೋನು ಮಾಡುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಅದಕ್ಕಿಂತ ಬಹಳ ಸಣ್ಣದು, ಬಹಳ ಹಳೆಯದು: ಅನ್ನ ಕೊಡುವ ಮನೆಯ ಸರದಿ. ಆ ಸಣ್ಣದರಿಂದ ಈ ದೊಡ್ಡದು ಹುಟ್ಟಿದ ದಾರಿಯನ್ನು ಹಂತಹಂತವಾಗಿ ನೋಡುವುದು ಈ ಬರಹದ ಕೆಲಸ.

ಮನೆಯ ಫ್ರಿಜ್‌ನಿಂದ ಶುರುವಾದದ್ದು

1958ರ ಜನವರಿಯಲ್ಲಿ, ದೇಶದ ಹೆಸರು ಇನ್ನೂ ಸಿಲೋನ್ ಎಂದಿದ್ದಾಗ, ಕೊಲಂಬೊದಲ್ಲಿ ವೈದ್ಯಕೀಯ ಓದುತ್ತಿದ್ದ ಹಡ್ಸನ್ ಸಿಲ್ವಾ ಎಂಬ ತರುಣ ಸಿಂಹಳ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಸತ್ತ ಮೇಲೆ ಬೂದಿಯಾಗುವ ಕಣ್ಣು ಇನ್ನೊಬ್ಬರಲ್ಲಿ ಜೀವ ತಳೆಯಬಹುದು, ನಿಮ್ಮ ಕಣ್ಣು ಕೊಡಿ ಎಂಬ ಮನವಿ ಅದು. ಓದಿದ ಜನ ಒಪ್ಪಿಗೆಯ ಪತ್ರ ಬರೆದರು.

ಒಪ್ಪಿಗೆ ಪತ್ರ ಬಂದ ಮೇಲಿನ ಕಥೆ ನನಗೆ ಹೆಚ್ಚು ಮುಖ್ಯ. 1960ರಲ್ಲಿ ಸಿಲ್ವಾ ಅವರ ತಾಯಿ ತೀರಿಕೊಂಡರು. ಊರಿಗೆಲ್ಲ ಕೇಳಿದ್ದನ್ನು ಈಗ ತಮ್ಮ ಮನೆಯಲ್ಲೇ ಮಾಡಬೇಕಾಗಿ ಬಂತು. ತಾಯಿಯ ಕಣ್ಣು ಬಡ ರೈತನೊಬ್ಬನಿಗೆ ಕಸಿಯಾಯಿತು. ಮರುವರ್ಷ, 1961ರಲ್ಲಿ, ನೇತ್ರದಾನ ಸಂಘ ಹುಟ್ಟಿಕೊಂಡಿತು. ಕಟ್ಟಡವಿಲ್ಲ, ಹಣವಿಲ್ಲ. ಸಂಗ್ರಹಿಸಿದ ಕಣ್ಣುಗಳು ಸಿಲ್ವಾ ದಂಪತಿಗಳ ಮನೆಯ ಫ್ರಿಜ್‌ನಲ್ಲಿ ಇರುತ್ತಿದ್ದವು. ಪತ್ನಿ ಇರಾಂಗನಿ ಅವರು ಮೊದಲ ದಿನದಿಂದಲೂ ಈ ಕೆಲಸದಲ್ಲಿ ಜತೆಯಾಗಿದ್ದರು. ಮನೆಯ ಫ್ರಿಜ್‌ನಲ್ಲಿ, ನಾವು ಹಾಲು ಮೊಸರು ಇಡುವ ಜಾಗದ ಪಕ್ಕದಲ್ಲಿ, ಸತ್ತವರ ಕಣ್ಣು ಇಟ್ಟುಕೊಳ್ಳಲು ಒಪ್ಪುವ ಗೃಹಿಣಿಯನ್ನು ಒಂದು ಕ್ಷಣ ಊಹಿಸಿಕೊಳ್ಳಿ. ಇರಾಂಗನಿಯವರ ಆ ಒಪ್ಪಿಗೆಯನ್ನೂ ನಾನು ದಾನದ ಲೆಕ್ಕಕ್ಕೇ ಸೇರಿಸುತ್ತೇನೆ.

1964ರಲ್ಲಿ ಮೊದಲ ಬಾರಿಗೆ ದೇಶದಾಚೆಗೆ ಕಣ್ಣುಗಳು ಹೋದವು. ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿಟ್ಟು ಸಿಂಗಪುರಕ್ಕೆ ಕೈಯಲ್ಲೇ ಒಯ್ದರು. ಅಲ್ಲಿಂದ ಮುಂದೆ ಊರೂರಿನಲ್ಲಿ ಶಾಖೆಗಳಾದವು, ಕಣ್ಣು ತೆಗೆಯುವ ತರಬೇತಿ ಪಡೆದವರು ಹಳ್ಳಿಗಳಲ್ಲೂ ಸಿಗುವಂತಾಯಿತು. ಸಿಲ್ವಾ ಅವರು 1999ರಲ್ಲಿ ತೀರಿಕೊಂಡರು. ಸಂಘ ನಿಲ್ಲಲಿಲ್ಲ.

ದೇಶದ ಮೊದಲ ಕಾರ್ಯನಿರ್ವಾಹಕ ರಾಷ್ಟ್ರಪತಿ ಜೆ. ಆರ್. ಜಯವರ್ಧನೆ ಅವರೂ ಕಣ್ಣು ಬರೆದುಕೊಟ್ಟಿದ್ದರು. ಅವರು 1996ರಲ್ಲಿ ತೀರಿಕೊಂಡಾಗ ಅವರ ಕಾರ್ನಿಯಾ ಜಪಾನಿಗೆ ಹೋಯಿತು. 1951ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿ, ಯುದ್ಧದಲ್ಲಿ ಸೋತ ಜಪಾನಿನಿಂದ ನಮಗೆ ಪರಿಹಾರ ಬೇಡ, ವೈರದಿಂದ ವೈರ ಶಮನವಾಗದು ಎಂದು ಬೌದ್ಧ ಗ್ರಂಥ ಧಮ್ಮಪದದ ಮಾತು ಹೇಳಿದ್ದವರು ಇದೇ ಜಯವರ್ಧನೆ.

ಜನರಿಗೆ ಮೊದಲೇ ಗೊತ್ತಿದ್ದ ಕಥೆ

ಸಿಲ್ವಾ ಅವರು ಹೊಸ ವಿಜ್ಞಾನ ತಂದರು. ಹೊಸ ನೀತಿಯನ್ನು ಹೇಳಿಕೊಡಬೇಕಾದ ಅಗತ್ಯ ಅವರಿಗೆ ಬರಲಿಲ್ಲ. ಶಿವಿ ರಾಜನ ಜಾತಕ ಕಥೆ, ಅಂದರೆ ಬುದ್ಧನ ಹಿಂದಿನ ಜನ್ಮವೊಂದರ ಕಥೆ, ಸಿಂಹಳ ಮಕ್ಕಳಿಗೆ ಅಜ್ಜಿಯ ಬಾಯಿಂದ, ವಿಹಾರದ ಗೋಡೆಯ ಚಿತ್ರಗಳಿಂದ ಮೊದಲೇ ಗೊತ್ತಿತ್ತು.

ನಮಗೆ ಗೊತ್ತಿರುವ ಶಿಬಿ ಚಕ್ರವರ್ತಿ ಪಾರಿವಾಳಕ್ಕಾಗಿ ತೊಡೆಯ ಮಾಂಸ ಕೊಯ್ದು ತಕ್ಕಡಿಗೆ ಹಾಕಿದವನು. ಪಾಲಿ ಭಾಷೆಯ ಜಾತಕದ ಶಿವಿ ಬೇರೆ. ಅವನು ಅರಿಟ್ಠಪುರದ ದೊರೆ. ಆರು ದಾನಶಾಲೆ ಕಟ್ಟಿಸಿ ದಿನವೂ ಹೇರಳವಾಗಿ ಕೊಡುತ್ತಿದ್ದ. ಒಂದು ಹುಣ್ಣಿಮೆಯ ದಿನ ಕೂತು ಯೋಚಿಸುತ್ತಾನೆ: ಹೊರಗಿನ ವಸ್ತುಗಳನ್ನೆಲ್ಲ ಕೊಟ್ಟಾಯಿತು, ಅದರಿಂದ ನನಗೆ ತೃಪ್ತಿಯಿಲ್ಲ, ಇಂದು ಯಾರಾದರೂ ನನ್ನದೇ ಮೈಯ ಭಾಗವನ್ನು ಕೇಳಲಿ. ಶಕ್ರ, ಅಂದರೆ ಇಂದ್ರ, ಕುರುಡ ಮುದುಕ ಬ್ರಾಹ್ಮಣನಾಗಿ ಬಂದು ಒಂದು ಕಣ್ಣು ಕೇಳುತ್ತಾನೆ. ರಾಜ ಎರಡನ್ನೂ ಕೊಡುತ್ತೇನೆ ಎನ್ನುತ್ತಾನೆ.

ಆಮೇಲಿನ ಭಾಗವನ್ನು ಕಥೆಗಾರ ಬಹಳ ನಿಧಾನವಾಗಿ ಹೇಳುತ್ತಾನೆ. ಸೀವಕ ಎಂಬ ವೈದ್ಯ ಕತ್ತಿ ಹಿಡಿಯುವುದಿಲ್ಲ, ಔಷಧದ ಪುಡಿ ಹಾಕುತ್ತಾನೆ. ಕಣ್ಣು ತಿರುಗುತ್ತದೆ, ನೋವು ಹುಟ್ಟುತ್ತದೆ. "ದೊರೆಯೇ, ಇನ್ನೂ ಯೋಚಿಸು, ಸರಿಮಾಡಬಲ್ಲೆ" ಎನ್ನುತ್ತಾನೆ. ರಾಜ ಮುಂದುವರಿಸು ಎನ್ನುತ್ತಾನೆ. ಮತ್ತೆ ಪುಡಿ, ಕಣ್ಣು ಗೂಡಿನಿಂದ ಸಡಿಲವಾಗುತ್ತದೆ. ವೈದ್ಯ ಮತ್ತೆ ಅದೇ ಮಾತು ಹೇಳುತ್ತಾನೆ, ರಾಜನೂ ಅದೇ ಉತ್ತರ ಕೊಡುತ್ತಾನೆ. ಕೊನೆಗೆ ರಾಜ ಕಿತ್ತ ಕಣ್ಣನ್ನು ಕೈಯಲ್ಲಿ ಹಿಡಿದು, ಉಳಿದ ಕಣ್ಣಿನಿಂದ ಅದನ್ನು ನೋಡಿ, ಇದಕ್ಕಿಂತ ನೂರುಪಟ್ಟು ಸಾವಿರಪಟ್ಟು ನನಗೆ ಬೋಧಿಯ, ಅಂದರೆ ಪೂರ್ಣ ಅರಿವಿನ, ಕಣ್ಣು ಪ್ರಿಯ ಎಂದು ಹೇಳಿ ಬ್ರಾಹ್ಮಣನ ಕೈಗಿಡುತ್ತಾನೆ.

ಹಿಂದೆ ಸರಿಯುವ ಅವಕಾಶ ಪ್ರತಿ ಹಂತದಲ್ಲೂ ಇತ್ತು, ಪ್ರತಿ ಹಂತದಲ್ಲೂ ಅವನು ಹೊಸದಾಗಿ ಒಪ್ಪಿದ. ಉದಾರತೆಯನ್ನು ಇಷ್ಟು ಬಿಡಿಬಿಡಿಸಿ ತೋರಿಸುವ ಕಥೆಗಳು ಕಡಿಮೆ. ಇನ್ನೂ ಒಂದು ಅಂಶ ನಮ್ಮ ಪ್ರಕರಣಕ್ಕೆ ಬೇಕು: ಕಣ್ಣು ಕೊಡುವ ಮೊದಲು ಆ ರಾಜ ದಾನಶಾಲೆ ನಡೆಸಿದ್ದ. ದಿನವೂ ಅನ್ನ ಕೊಟ್ಟು ಕೊಟ್ಟು, ಆಮೇಲೆ ಕಣ್ಣಿನ ಯೋಚನೆ ಬಂತು. ಲಂಕೆಯಲ್ಲಿರುವ ಬೌದ್ಧ ಪಂಥವಾದ ಥೇರವಾದವೂ ದಾನ ಪಾರಮಿಯನ್ನು, ಅಂದರೆ ಬುದ್ಧನಾಗುವ ದಾರಿಯಲ್ಲಿ ಸಾಧಿಸಬೇಕಾದ ದಾನದ ಗುಣವನ್ನು, ಮೂರು ಮೆಟ್ಟಿಲಾಗಿ ಎಣಿಸುತ್ತದೆ. ಹೊರಗಿನ ವಸ್ತು ಕೊಡುವುದು ಮೊದಲನೆಯದು, ಅಂಗ ಕೊಡುವುದು ಎರಡನೆಯದು, ಜೀವ ಕೊಡುವುದು ಮೂರನೆಯದು. ಸಿಲ್ವಾ ಅವರು ಎರಡನೆಯ ಮೆಟ್ಟಿಲನ್ನು ಸಾಮಾನ್ಯ ಜನರ ಕೈಗೆಟುಕುವಂತೆ ಮಾಡಿದರು. ನೋವಿಲ್ಲ, ಬದುಕಿರುವಾಗ ಏನೂ ಕಳೆದುಕೊಳ್ಳಬೇಕಿಲ್ಲ, ಬೋಧಿಸತ್ವನಾಗಬೇಕೆಂದೂ ಇಲ್ಲ. ಒಂದು ಫಾರಂಗೆ ಸಹಿ ಮಾಡಿ ಮನೆಯವರಿಗೆ ಹೇಳಿದರೆ ಸಾಕು.

ಅನ್ನದ ಸರದಿ

ಈಗ ಆ ಮೊದಲ ಮೆಟ್ಟಿಲಿಗೆ ಬರೋಣ. ಸಿಂಹಳ ಹಳ್ಳಿಯಲ್ಲಿ ವಿಹಾರದ ಭಿಕ್ಖುಗಳಿಗೆ ಊಟ ಹೋಗುವುದು ಮನೆಮನೆಯ ಸರದಿಯಂತೆ. ಅದನ್ನು ದಾನೆ ಎನ್ನುತ್ತಾರೆ. ಯಾವ ತಾರೀಕು ಯಾರ ಮನೆ ಎಂದು ಮೊದಲೇ ಗೊತ್ತಿರುತ್ತದೆ. ಭಿಕ್ಖುಗಳು ಮಧ್ಯಾಹ್ನ ಹನ್ನೆರಡರ ಮೇಲೆ ಊಟ ಮಾಡುವಂತಿಲ್ಲ, ಹಾಗಾಗಿ ಸರದಿಯ ದಿನ ಮನೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಒಲೆ ಹೊತ್ತಬೇಕು. ಮನೆಯವರು ತಿಂದು ಮಿಕ್ಕದ್ದನ್ನು ಒಯ್ಯುವಂತಿಲ್ಲ. ಮೊದಲು ಪುಟ್ಟ ಬಟ್ಟಲಲ್ಲಿ ಬುದ್ಧನಿಗೆ, ಆಮೇಲೆ ಭಿಕ್ಖುಗಳಿಗೆ, ಕೊನೆಗೆ ಮನೆಯವರಿಗೆ.

ಇಲ್ಲಿ ಒಂದು ರೂಢಿಯನ್ನು ಹತ್ತಿರದಿಂದ ನೋಡಬೇಕು. ದಾನದ ವಸ್ತುವನ್ನು ಭಿಕ್ಖುಗಳ ಕೈಗಿಡುವ ಮೊದಲು ಅದು ಕೈಯಿಂದ ಕೈಗೆ ಮನೆಯವರೆಲ್ಲರ ಬಳಿ ಸುತ್ತುತ್ತದೆ. ಅಜ್ಜಿ ಮುಟ್ಟುತ್ತಾಳೆ, ಸೊಸೆ ಮುಟ್ಟುತ್ತಾಳೆ, ಬಂದ ನೆರೆಯವರು ಮುಟ್ಟುತ್ತಾರೆ. ಕಂಕುಳಲ್ಲಿರುವ ಕೂಸಿನ ಕೈ ಹಿಡಿದು ತಟ್ಟೆಯ ಅಂಚಿಗೆ ತಾಗಿಸುತ್ತಾರೆ. ಆ ಕೂಸಿಗೆ ದಾನ ಅಂದರೇನು, ಪುಣ್ಯ ಅಂದರೇನು ಏನೂ ತಿಳಿಯದು. ಆದರೂ ಕೈ ಮುಟ್ಟಿದೆ. ತಿಂಗಳು ತಿಂಗಳು, ವರ್ಷ ವರ್ಷ ಹೀಗೆ ಮುಟ್ಟಿದ ಕೈ ಬೆಳೆಯುತ್ತದೆ. ಅಡುಗೆಯವರ ಕೈಗೆ ಉಪ್ಪಿನ ಅಳತೆ ಗೊತ್ತಿರುವ ಹಾಗೆ ಆ ಕೈಗೆ ಕೊಡುವುದು ಗೊತ್ತಿರುತ್ತದೆ.

ಸಾವಿನ ಸಂದರ್ಭದಲ್ಲೂ ದಾನೆಯೇ ಮುಖ್ಯ. ತೀರಿಕೊಂಡ ಆರನೆಯ ದಿನ ಸಂಜೆ ಭಿಕ್ಖುವಿನಿಂದ ಮನೆಯಲ್ಲಿ ಬಣ, ಅಂದರೆ ಧರ್ಮೋಪದೇಶ. ಏಳನೆಯ ದಿನ ದಾನೆ. ಮೂರು ತಿಂಗಳಿಗೆ ಮತ್ತೊಂದು, ವರ್ಷಕ್ಕೆ ಇನ್ನೊಂದು. ಅಂತ್ಯಕ್ರಿಯೆಯ ದಿನವೂ ಬಿಳಿಬಟ್ಟೆಯನ್ನು ಭಿಕ್ಖುಗಳಿಗೆ ಕೊಟ್ಟು, ಹತ್ತಿರದ ಬಂಧುಗಳು ಒಂದು ಹೂಜಿಯನ್ನು ಒಟ್ಟಿಗೆ ಹಿಡಿದು ತಟ್ಟೆಯಲ್ಲಿಟ್ಟ ಬಟ್ಟಲಿಗೆ ನೀರು ಹೊಯ್ಯುತ್ತಾರೆ. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲುವವರೆಗೂ ಹೊಯ್ಯುತ್ತಾರೆ. ಎತ್ತರದಲ್ಲಿ ಬಿದ್ದ ಮಳೆ ತಗ್ಗಿಗೆ ಹರಿಯುವಂತೆ ಇಲ್ಲಿ ಕೊಟ್ಟದ್ದು ಹೋದವರಿಗೆ ಸೇರಲಿ ಎಂಬ ಪಾಲಿ ಗಾಥೆಯನ್ನು ಆಗ ಭಿಕ್ಖುಗಳು ಹೇಳುತ್ತಿರುತ್ತಾರೆ.

ಅಂದರೆ ಅಲ್ಲಿ ಸಾವು ಬಂದ ಕೂಡಲೇ ಮನೆಯವರ ಮನಸ್ಸು ಹೋಗುವುದು "ಇವರ ಹೆಸರಿನಲ್ಲಿ ಏನು ಕೊಡೋಣ" ಎಂಬ ಕಡೆಗೆ. ಶೋಕದ ಜತೆಗೇ ಕೊಡುವ ಕೆಲಸ ಶುರುವಾಗುತ್ತದೆ. ಈ ಮನೆಗೆ ನೇತ್ರದಾನ ಹೊರಗಿನಿಂದ ಬಂದ ವಿಚಿತ್ರ ಬೇಡಿಕೆ ಅನ್ನಿಸುವುದಿಲ್ಲ. ಏಳನೇ ದಿನ ಶುರುವಾಗಬೇಕಿದ್ದದ್ದು ಮೊದಲನೇ ದಿನವೇ ಶುರುವಾಯಿತು, ಅಷ್ಟೇ. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಇರುವುದು ಇಲ್ಲಿ.

ವೈಶಾಖ ಹುಣ್ಣಿಮೆಯಲ್ಲಿ ರಸ್ತೆಬದಿ ಎದ್ದು ನಿಲ್ಲುವ ದಾನಸಲ್‌ಗಳೂ ಇದೇ ರೂಢಿಯ ಇನ್ನೊಂದು ರೂಪ. ಬಡಾವಣೆಯ ಹುಡುಗರು ಚಂದಾ ಎತ್ತಿ ಅನ್ನ, ಕಾಫಿ, ಐಸ್‌ಕ್ರೀಮು ಏನಾದರೊಂದು ಹಂಚುತ್ತಾರೆ, ಹೋಗುವ ವಾಹನಗಳನ್ನು ಕೈಯೊಡ್ಡಿ ನಿಲ್ಲಿಸಿ ತಿನ್ನಿಸುತ್ತಾರೆ. ತಿನ್ನುವವನ ಜಾತಿ, ಮತ, ಹಸಿವು ಯಾವುದನ್ನೂ ವಿಚಾರಿಸುವುದಿಲ್ಲ. ರಕ್ತದಾನವೂ ಹೀಗೇ ಮನೆಮಾತಾಯಿತು. ಹುಣ್ಣಿಮೆಯ ದಿನ, ಹುಟ್ಟುಹಬ್ಬಕ್ಕೆ, ತೀರಿಕೊಂಡವರ ನೆನಪಿಗೆ ಶಿಬಿರ ಮಾಡುತ್ತಾರೆ. 2014ರ ಹೊತ್ತಿಗೆ ಆ ದೇಶ ತನಗೆ ಬೇಕಾದ ರಕ್ತವನ್ನೆಲ್ಲ ಸ್ವಯಂಪ್ರೇರಿತ ದಾನಿಗಳಿಂದಲೇ ಪಡೆಯುವ ಮಟ್ಟ ಮುಟ್ಟಿತು.

ಅದೇ ಧರ್ಮ, ಬೇರೆ ಫಲ

ಥಾಯ್ಲೆಂಡ್, ಮ್ಯಾನ್ಮಾರ್‌ಗಳಲ್ಲೂ ಇರುವುದು ಇದೇ ಥೇರವಾದ. ಭಿಕ್ಖುಗಳು ಬೆಳಗ್ಗೆ ಪಾತ್ರೆ ಹಿಡಿದು ಭಿಕ್ಷೆಗೆ ಹೋಗುವ ಪಿಂಡಪಾತ ಅಲ್ಲಿ ಲಂಕೆಗಿಂತಲೂ ಎದ್ದು ಕಾಣುತ್ತದೆ. ಆದರೂ ಜಗತ್ತಿಗೆ ಕಣ್ಣು ಕೊಡುವ ಪರಂಪರೆ ಅಲ್ಲಿ ಬೆಳೆಯಲಿಲ್ಲ. ಥಾಯ್ ಜನರಲ್ಲಿ ಕೆಲವರಿಗೆ ಈ ಜನ್ಮದಲ್ಲಿ ಅಂಗ ಕೊಟ್ಟರೆ ಮುಂದಿನ ಜನ್ಮದಲ್ಲಿ ಆ ಅಂಗವಿಲ್ಲದೆ ಹುಟ್ಟುತ್ತೇವೆ ಎಂಬ ಅಂಜಿಕೆ ಇದೆ. ನಮ್ಮ ಹಳ್ಳಿಗಳಲ್ಲೂ ಈ ಅಂಜಿಕೆಯ ಮಾತು ಕೇಳದವರು ಕಡಿಮೆ.

ಪುನರ್ಜನ್ಮವನ್ನು ನಂಬುವ ಒಬ್ಬರು ಕೊಟ್ಟರೆ ಕಳೆದುಕೊಳ್ಳುತ್ತೇನೆ ಎಂದು ಹೆದರಬಹುದು, ಇನ್ನೊಬ್ಬರು ಕೊಟ್ಟರೆ ಹೆಚ್ಚು ಒಳ್ಳೆಯ ಕಣ್ಣು ಪಡೆಯುತ್ತೇನೆ ಎಂದು ನಂಬಬಹುದು. ಗ್ರಂಥ ಒಂದೇ. ಲಂಕೆಯಲ್ಲಿ ಎರಡನೆಯ ಓದು ಗೆದ್ದಿತು, ಯಾಕೆಂದರೆ ಅದನ್ನು ಗೆಲ್ಲಿಸಲು ಜನ ದುಡಿದರು. ಭಿಕ್ಖುಗಳು ಬಣದಲ್ಲಿ ಅದನ್ನೇ ಹೇಳಿದರು, ತಾವೂ ಕಣ್ಣು ಬರೆದುಕೊಟ್ಟರು. ಶಿವಿಯ ಕಥೆಯನ್ನು ನೇತ್ರದಾನದ ಫಾರಂ ಜತೆ ಜೋಡಿಸಿದರು. ವೈದ್ಯರು ಕರೆದ ಹೊತ್ತಿಗೆ ಬಂದರು. ರಾತ್ರಿ ಎರಡಕ್ಕೆ ಫೋನು ಮಾಡಿದಾಗ ಯಾರೂ ಎತ್ತದಿದ್ದರೆ ಎಂಥ ಶ್ರದ್ಧೆಯೂ ಮುಂದಿನ ಸಾರಿ ಉಳಿಯುವುದಿಲ್ಲ. ದಾನದ ಬಗ್ಗೆ ಮಾತಾಡುವವರು ಈ ವ್ಯವಸ್ಥೆಯ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹೃದಯವಂತಿಕೆಯ ಬಗ್ಗೆ ಬರೆಯುವುದು ಸುಲಭ. ಫ್ಲಾಸ್ಕು, ಮಂಜುಗಡ್ಡೆ, ತರಬೇತಾದ ಕೈ ಇವೂ ಅಷ್ಟೇ ಗೌರವಕ್ಕೆ ಅರ್ಹ.

ಕೊಡುವವರು ಯಾರು?

ಸತ್ತವನ ಕಣ್ಣು ಕೊಟ್ಟರೆ ಅದು ಯಾರ ದಾನ? ಸತ್ತವನಿಗೆ ಆ ಹೊತ್ತಿಗೆ ಸಂಕಲ್ಪ ಮಾಡುವ ಮನಸ್ಸಿಲ್ಲ, ಮತ್ತು ಬೌದ್ಧರಿಗೆ ಕರ್ಮವೆಂದರೆ ಚೇತನಾ, ಅಂದರೆ ಸಂಕಲ್ಪ. ಇದು ತರ್ಕದ ಆಟವಲ್ಲ, ಗೃಹಸ್ಥರು ನಿಜವಾಗಿ ಕೇಳುವ ಪ್ರಶ್ನೆ.

ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಇದಕ್ಕೆ ಬೆಳಕು ಸಿಗುತ್ತದೆ. ನಂದಮಾತೆ ಎಂಬ ಗೃಹಿಣಿ ಸಾರಿಪುತ್ತ, ಮೊಗ್ಗಲ್ಲಾನ ಮೊದಲಾದ ಭಿಕ್ಖುಗಳಿಗೆ ಊಟ ಬಡಿಸಿದ್ದನ್ನು ನೋಡಿ ಬುದ್ಧ ಹೇಳುತ್ತಾನೆ: ಕೊಡುವ ಮುಂಚೆ ಮನಸ್ಸು ಹಿಗ್ಗಬೇಕು, ಕೊಡುವಾಗ ತಿಳಿಯಾಗಿರಬೇಕು, ಕೊಟ್ಟ ಮೇಲೆ ಸಂತೋಷದಿಂದಿರಬೇಕು. ಕೊಡುವವರ ಮೂರು ಅಂಗಗಳು ಇವು.

ಇದನ್ನು ನೇತ್ರದಾನಕ್ಕೆ ಹಿಡಿದು ನೋಡಿದರೆ ಮೂರು ಕಾಲ ಇಬ್ಬರ ನಡುವೆ ಹಂಚಿಹೋಗಿರುವುದು ಕಾಣುತ್ತದೆ. ಮೊದಲನೆಯದು ಸಹಿ ಹಾಕಿದವನದು. ಬದುಕಿದ್ದಾಗ ಫಾರಂ ತುಂಬಿದ, ಆಮೇಲೆ ನೆನಪಾದಾಗಲೆಲ್ಲ ನನ್ನ ಕಣ್ಣು ಇನ್ನೊಬ್ಬರದೂ ಹೌದು ಎಂದುಕೊಂಡ. ಆ ಹಿಗ್ಗು ಅವನ ಪಾಲಿನದು. ಕೊಡುವ ಕ್ಷಣ ಮಾತ್ರ ಉಳಿದವರದು. ಮಲಗಿಸಿರುವ ಅಪ್ಪನ ಮುಖ ನೋಡುತ್ತ "ತೆಗೆಯಿರಿ" ಎನ್ನಬೇಕಾದ ಮಗಳದು. ಆ ಕ್ಷಣದಲ್ಲಿ ಮನಸ್ಸು ತಿಳಿಯಾಗಿರಬೇಕು ಎಂದರೆ ಹೇಗೆ ಸಾಧ್ಯ? ಅಳು ಉಕ್ಕುತ್ತಿರುತ್ತದೆ. ನನಗನ್ನಿಸುವ ಮಟ್ಟಿಗೆ ತಿಳಿಯಾಗಿರುವುದು ಎಂದರೆ ಅಳದಿರುವುದು ಅಲ್ಲ, ಕೊಡಬೇಕೋ ಬೇಡವೋ ಎಂಬ ತೊಳಲಾಟ ಇಲ್ಲದಿರುವುದು. ಅಳುತ್ತಲೇ ತಿಳಿಯಾಗಿರಬಹುದು. ಅಪ್ಪ ಹೇಳಿದ್ದರು, ನಮ್ಮ ಮನೆಯಲ್ಲಿ ಕೊಡುವುದು ಹೊಸದಲ್ಲ ಎಂಬಷ್ಟು ಗಟ್ಟಿ ಇದ್ದರೆ ಸಾಕು.

ಮೂರನೆಯದು ಕೊಟ್ಟ ಮೇಲಿನ ಸಂತೋಷ. ಇದನ್ನು ಕಾಪಾಡುವುದು ಹೆಚ್ಚು ಕಷ್ಟ, ಯಾಕೆಂದರೆ ಸಾವಿನ ಮನೆಗೆ ಬರುವ ನೆಂಟರಲ್ಲಿ ಒಬ್ಬರಾದರೂ "ಅಯ್ಯೋ, ಕಣ್ಣು ಕೀಳಿಸಿದಿರಾ" ಎಂದು ಕೊರಗು ಬಿತ್ತಿ ಹೋಗುತ್ತಾರೆ. ಬೌದ್ಧ ಸಂಪ್ರದಾಯ ಇದಕ್ಕೆ ಎದುರಾಗಿ ಇನ್ನೊಂದು ರೂಢಿ ಇಟ್ಟಿದೆ: ಇತರರ ದಾನ ಕಂಡು ಸಂತೋಷಪಡುವುದೂ ಒಂದು ಪುಣ್ಯಕಾರ್ಯ. ಪುಣ್ಯಾನುಮೋದನೆ ಎನ್ನುತ್ತಾರೆ. ಬಂದವರು "ಸಾಧು, ಸಾಧು" ಎನ್ನುತ್ತಾರೆ. ಕೊಟ್ಟವರ ಮನಸ್ಸು ಅಲುಗಾಡದಂತೆ ಸುತ್ತಲಿನವರು ಹಿಡಿದುಕೊಳ್ಳುವ ಈ ಉಪಾಯ ನನಗೆ ಬಹಳ ಹಿಡಿಸುತ್ತದೆ. ದುಡ್ಡಿಲ್ಲದವರೂ, ಕೊಡಲು ಏನೂ ಇಲ್ಲದವರೂ ಈ ಕೆಲಸ ಮಾಡಬಹುದು.

ಎರಡು ಕಷ್ಟದ ಪ್ರಶ್ನೆಗಳು

ತನ್ನ ದೇಶದ ಕುರುಡರು ಕಾಯುತ್ತಿರುವಾಗ ಹೊರದೇಶಕ್ಕೆ ಕಳಿಸುವುದು ಸರಿಯೇ? ಮೊದಲ ದಶಕಗಳಲ್ಲಿ ಕಣ್ಣುಗಳು ಸಿಕ್ಕಷ್ಟು ವೇಗದಲ್ಲಿ ಕಸಿ ಮಾಡಬಲ್ಲ ವೈದ್ಯರು, ಸೌಕರ್ಯ ಆ ದೇಶದಲ್ಲಿರಲಿಲ್ಲ. ಆಗಿನ ವಿಧಾನದಲ್ಲಿ ತೆಗೆದ ಕಣ್ಣು ಒಂದೆರಡು ದಿನಕ್ಕಿಂತ ಹೆಚ್ಚು ಉಳಿಯುತ್ತಲೂ ಇರಲಿಲ್ಲ. ಇಟ್ಟರೆ ಹಾಳು, ಕಳಿಸಿದರೆ ಒಬ್ಬರಿಗೆ ದೃಷ್ಟಿ. ಆಗ ಕಳಿಸಿದ್ದು ಸರಿ ಎಂದೇ ನನ್ನ ತೀರ್ಮಾನ. ಮುಂದೆ ಸಿಂಗಪುರದ ನೆರವಿನಿಂದ ಕೊಲಂಬೊದ ರಾಷ್ಟ್ರೀಯ ಕಣ್ಣಾಸ್ಪತ್ರೆಯಲ್ಲಿ ಸರ್ಕಾರದ್ದೇ ಐ ಬ್ಯಾಂಕ್ ಬಂತು. ಮೊದಲ ಫ್ಲಾಸ್ಕು ಹೋದ ಊರಿನಿಂದಲೇ ಆ ನೆರವು ಬಂದದ್ದು. ಸತ್ಪುರುಷನ ದಾನದ ಲಕ್ಷಣ ಹೇಳುವಾಗ ಬುದ್ಧ ಶ್ರದ್ಧೆ, ಗೌರವ, ಸಕಾಲ, ಬಿಚ್ಚುಮನಸ್ಸುಗಳ ಜತೆಗೆ ಐದನೆಯದಾಗಿ ತನಗೂ ಪರರಿಗೂ ಪೆಟ್ಟಾಗದಂತೆ ಕೊಡುವುದನ್ನು ಸೇರಿಸಿದ್ದಾನೆ. ಊರಿನ ರೋಗಿಗೆ ಮೊದಲ ಪಾಲು ಸಿಗುವ ಏರ್ಪಾಡು ಇದೇ ಐದನೆಯ ಲಕ್ಷಣದೊಳಗೆ ಬರುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಭಾರ. ಸಿಲ್ವಾ ಅವರ ಲೇಖನ ಬಂದ 1958ರಲ್ಲೇ, ಮೇ ತಿಂಗಳಲ್ಲಿ, ತಮಿಳರ ಮೇಲೆ ಭೀಕರ ಗಲಭೆ ನಡೆಯಿತು. 1983ರ ಜುಲೈ ಇನ್ನೂ ಘೋರ. 2009ರವರೆಗೆ ಯುದ್ಧ. ಗುರುತಿಲ್ಲದ ಪರದೇಶಿಗೆ ಕಣ್ಣು ಕೊಟ್ಟ ಸಮಾಜವೇ ಪಕ್ಕದ ಮನೆಯವರನ್ನು ಶತ್ರುವೆಂದು ಕಂಡಿತು. ಕಣ್ಣು ಕೊಟ್ಟ ಮನೆಗಳೂ ಬೆಂಕಿ ಇಟ್ಟ ಕೈಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ದಾನದ ರೂಢಿ ಇದ್ದ ಮಾತ್ರಕ್ಕೆ ಮೈತ್ರಿಯೂ ತಾನಾಗಿ ಬರುತ್ತದೆ ಎಂಬ ಭರವಸೆಯನ್ನು ಈ ಪ್ರಕರಣ ಕೊಡುವುದಿಲ್ಲ. ಪಾರಮಿಗಳು ಹತ್ತಿವೆ. ಒಂದೊಂದನ್ನೂ ಬೇರೆಯಾಗಿಯೇ ಸಾಧಿಸಬೇಕು. ದಾನವನ್ನು ಹೊಗಳುವ ಬರಹದಲ್ಲಿ ಈ ಮಾತನ್ನು ಮುಚ್ಚಿಟ್ಟರೆ ದಾನಕ್ಕೇ ಅಗೌರವ.

2021ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಶ್ರೀಲಂಕಾದ ಕಾರ್ಖಾನೆ ವ್ಯವಸ್ಥಾಪಕರೊಬ್ಬರನ್ನು ಗುಂಪು ಹೊಡೆದು ಕೊಂದಾಗ, ಆ ದ್ವೀಪದಿಂದ ಬಂದ ಸಾವಿರಾರು ಕಣ್ಣುಗಳನ್ನು ನೆನೆದು ತಲೆತಗ್ಗಿಸಿದವರು ಪಾಕಿಸ್ತಾನದಲ್ಲೇ ಇದ್ದರು.

ನಮ್ಮ ಕಡೆ

ಕನ್ನಡಿಗರಿಗೆ ನೇತ್ರದಾನವೆಂದರೆ ನೆನಪಾಗುವುದು ಒಂದೇ ಮನೆ. 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಶಿವನಿಗೆ ಕಣ್ಣು ಕೊಟ್ಟು ಜನರ ಮನಸ್ಸಿಗೆ ಬಂದ ರಾಜ್‌ಕುಮಾರ್, 2006ರ ಏಪ್ರಿಲ್ 12ರಂದು ತೀರಿಕೊಂಡಾಗ ನಿಜವಾಗಿಯೂ ಕಣ್ಣು ಕೊಟ್ಟು ಹೋದರು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳು, 2021ರ ಅಕ್ಟೋಬರ್ 29ರಂದು ಪುನೀತ್ ಅವರ ಕಣ್ಣುಗಳು ಹೀಗೇ ಹೋದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪುನೀತ್ ಅವರ ಕಾರ್ನಿಯಾಗಳ ಪದರಗಳನ್ನು ಬಿಡಿಸಿ, ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬರುವಂತೆ ಮಾಡಿದರು. ಆ ನವೆಂಬರಿನಲ್ಲಿ ನಾಡಿನಾದ್ಯಂತ ಜನ ಸಾಲುಗಟ್ಟಿ ಫಾರಂ ತುಂಬಿದರು.

ರಾಜ್‌ಕುಮಾರ್ ಮನೆಯವರು ಬೌದ್ಧರಲ್ಲ, ಹಾಗೆ ಹೇಳುವುದು ನನ್ನ ಉದ್ದೇಶವೂ ಅಲ್ಲ. ನಾನು ನೋಡುತ್ತಿರುವುದು ಬೇರೆ. 46 ವರ್ಷದ ಮಗ ಇದ್ದಕ್ಕಿದ್ದಂತೆ ಹೋದ ಆಘಾತದ ದಿನ ಆ ಮನೆಯವರಿಗೆ ಕಣ್ಣಿನ ವಿಷಯ ಹೇಗೆ ನೆನಪಾಯಿತು? ಅಪ್ಪ ಕೊಟ್ಟಿದ್ದರು, ಅಮ್ಮ ಕೊಟ್ಟಿದ್ದರು. ಅದು ಆ ಮನೆಯ ಪದ್ಧತಿಯಾಗಿತ್ತು. ಸಿಂಹಳ ಹಳ್ಳಿಯಲ್ಲಿ ಕಂಡದ್ದೇ ಇಲ್ಲೂ ಇದೆ.

ಫಾರಂ ತುಂಬಿದ ನಾವು ಇನ್ನೂ ಆ ಜಾಗಕ್ಕೆ ಬಂದಿಲ್ಲ. ಸಹಿ ಮಾಡಿದವರು ಬಹಳ, ಸಹಿಯ ವಿಷಯ ಹೆಂಡತಿ ಮಕ್ಕಳಿಗೆ ಹೇಳಿದವರು ಕಡಿಮೆ. ಕಾರ್ಡು ಪರ್ಸಿನಲ್ಲಿ ಉಳಿಯುತ್ತದೆ, ಪರ್ಸು ಬೀರುವಿನಲ್ಲಿ. ಆದ್ದರಿಂದ ಉಪಯೋಗಕ್ಕೆ ಬರುವ ನಾಲ್ಕು ಮಾತು ಇಲ್ಲೇ ಬರೆಯುತ್ತೇನೆ. ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಕಣ್ಣು ಕೊಡಬಹುದು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ರಕ್ತದ ಗುಂಪು ಹೊಂದಬೇಕಿಲ್ಲ. ಹಿಂದೆ ಫಾರಂ ತುಂಬಿರದಿದ್ದರೂ ಮನೆಯವರು ಒಪ್ಪಿದರೆ ಸಾಕು. ಸಾವಾದ ಕೂಡಲೇ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು ಐ ಬ್ಯಾಂಕಿಗೆ ಕರೆ ಮಾಡಬೇಕು. ಅವರೇ ಮನೆಗೆ ಬರುತ್ತಾರೆ. ಇಪ್ಪತ್ತು ನಿಮಿಷದ ಕೆಲಸ, ಮುಖ ವಿಕಾರವಾಗುವುದಿಲ್ಲ.

ಮೊದಲ ಮೆಟ್ಟಿಲಿನ ರೂಢಿ ನಮಗೇನೂ ಪರಕೀಯವಲ್ಲ. ಮಠಗಳ ದಾಸೋಹ ಇದೆ, ತಿಥಿಯ ಊಟ ಇದೆ, ಹಬ್ಬದ ದಿನ ನೆರೆಮನೆಗೆ ಹೋಗುವ ತಟ್ಟೆ ಇದೆ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿಯಲ್ಲಿ ಥೇರವಾದದ ದಾನಪದ್ಧತಿಯನ್ನೇ ನೋಡಬಹುದು. ಕೊರತೆ ಇರುವುದು ಸರದಿಯಲ್ಲಿ ಮತ್ತು ಕೈಯಲ್ಲಿ. ಈಗ ನಾವು ಕೊಡುವುದು ಮನಸ್ಸು ಬಂದಾಗ, ಅದೂ ಮೊಬೈಲಿನಲ್ಲಿ ಒತ್ತಿ. ಹಣ ತಲುಪುತ್ತದೆ, ಅದರಿಂದ ಉಪಕಾರವೂ ಆಗುತ್ತದೆ. ಆದರೆ ಮನೆಯ ಮಕ್ಕಳಿಗೆ ಅದು ಕಾಣುವುದಿಲ್ಲ. ಕಾಣದ್ದು ಅವರಿಗೆ ಮನೆಯ ಪದ್ಧತಿಯಾಗುವುದಿಲ್ಲ. ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿ, ಮನೆಯಲ್ಲೇ ಮಾಡಿದ್ದನ್ನು, ಮಿಕ್ಕದ್ದಲ್ಲದ್ದನ್ನು, ಮಕ್ಕಳ ಕೈಯಿಂದಲೇ ಕೊಡಿಸುವುದು ಬಹಳ ಸಣ್ಣ ಏರ್ಪಾಡು. ಆಸ್ಪತ್ರೆಯ ಹೊರಗೆ ಕಾದಿರುವವರಿಗೆ ಬೆಳಗಿನ ಉಪ್ಪಿಟ್ಟು ಆಗಬಹುದು, ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಬಿಸಿ ಕಾಫಿ ತಿಂಡಿ ಆಗಬಹುದು. ನೇತ್ರದಾನದ ಫಾರಂ ತುಂಬುವುದಿದ್ದರೂ ಊಟದ ಹೊತ್ತಿಗೆ ಎಲ್ಲರೂ ಕೂತಿರುವಾಗ, ಓದಿ ಹೇಳಿ ತುಂಬುವುದು ಒಳ್ಳೆಯದು.

ಕೊಟ್ಟದ್ದನ್ನು ಆಮೇಲೆ ಮರೆತುಬಿಡಬೇಕು ಎಂದು ನಮ್ಮಲ್ಲಿ ಹೇಳುತ್ತಾರೆ. ಬುದ್ಧ ಗೃಹಸ್ಥರಿಗೆ ಹೇಳಿದ್ದು ಬೇರೆ. ತನ್ನ ತ್ಯಾಗವನ್ನು ತಾನೇ ಶಾಂತವಾಗಿ ನೆನೆಯುವುದನ್ನು ಒಂದು ಧ್ಯಾನವಾಗಿಯೇ ಕಲಿಸಿದ್ದಾನೆ. ಅದಕ್ಕೆ ಚಾಗಾನುಸ್ಸತಿ ಎಂದು ಹೆಸರು. ಊರೆಲ್ಲ ಜಿಪುಣತನ ತುಂಬಿರುವಾಗ ನಾನು ಬಿಚ್ಚಿದ ಕೈಯವನಾಗಿ, ಹಂಚಿಕೊಳ್ಳುವುದರಲ್ಲಿ ಸಂತೋಷಪಡುತ್ತ ಮನೆಯಲ್ಲಿ ಬಾಳುತ್ತಿದ್ದೇನೆ, ಇದು ನನ್ನ ಭಾಗ್ಯ ಎಂದು ನೆನೆಯಬೇಕು. ಶಾಕ್ಯರ ಮಹಾನಾಮನಿಗೆ ಇದನ್ನು ಹೇಳಿಕೊಡುವಾಗ ಎಲ್ಲಿ, ಯಾವಾಗ ಮಾಡಬೇಕು ಎಂಬುದನ್ನೂ ಹೇಳಿದ್ದಾನೆ: ನಡೆಯುವಾಗ, ನಿಂತಾಗ, ಕೂತಾಗ, ಮಲಗಿದಾಗ, ಕೆಲಸದಲ್ಲಿ ಮುಳುಗಿರುವಾಗ, ಮಕ್ಕಳು ಕಿಕ್ಕಿರಿದ ಮನೆಯಲ್ಲಿರುವಾಗ.